ಬಸ್ಸಿನಲ್ಲಿ ಹೋದ ದ್ವೀಪ

ಮಗಳ ಮಗ ಐದನೇ ಕ್ಲಾಸಿನ ಪರೀಕ್ಷೆ ಮುಗಿಸಿ ರಜಕ್ಕೆಂದು ಪಾಂಡವಪುರಕ್ಕೆ ಬಂದವನೇ, ಚಪ್ಪಲಿ ಬಿಡುವ ಮೊದಲೇ ಹಡಗಿನ ಕಥೆ ಶುರುಮಾಡಿದ. ಅಪ್ಪ ಅಮ್ಮನ ಜೊತೆ ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿದ್ದನಂತೆ. ಹಡಗಿನೊಳಗೇ ಈಜುಕೊಳ, ಸಿನಿಮಾ, ಲಿಫ್ಟು. ಅಗತ್ತಿ ದ್ವೀಪದ ಸುತ್ತ ಹವಳದ ದಿಬ್ಬ, ನೀರು ಆಳವಿಲ್ಲ. ಅದಕ್ಕೆ ಹಡಗು ದೂರದಲ್ಲೇ ನಿಂತು, ಸಣ್ಣ ದೋಣಿಯಲ್ಲಿ ಜನರನ್ನು ದಡಕ್ಕೆ ಬಿಟ್ಟರಂತೆ. ಬಿಳಿ ಮರಳು, ತೆಂಗಿನ ಮರ, ಸಂಜೆಯೊಳಗೆ ವಾಪಸ್ಸು.

"ನೀನು ಯಾವತ್ತಾದ್ರೂ ದ್ವೀಪಕ್ಕೆ ಹೋಗಿದೀಯಾ ಅಜ್ಜಿ?" ಅಂದ.

"ನನ್ನ ಮದುವೆ ಆಗಿದ್ದೇ ದ್ವೀಪದಲ್ಲಿ ಕಣಪ್ಪ" ಅಂದೆ.

ಅವನು ನನ್ನನ್ನು ಬಿಟ್ಟು ಅವರಮ್ಮನ ಮುಖ ನೋಡಿದ. ಅಜ್ಜಿಗೆ ವಯಸ್ಸಾಯಿತು ಅಂದುಕೊಂಡಿರಬೇಕು.

ಮಾರನೇ ದಿನ ಬೆಳಿಗ್ಗೆ ಪುಳಿಯೋಗರೆ ಕಟ್ಟಿಕೊಂಡು ಇಬ್ಬರೂ ಶ್ರೀರಂಗಪಟ್ಟಣದ ಬಸ್ಸು ಹತ್ತಿದೆವು. ಕಿಟಕಿ ಪಕ್ಕ ಅವನನ್ನೇ ಕೂರಿಸಿದೆ. "ಹೊಳೆ ಬಂದಾಗ ಹೇಳು" ಅಂದೆ. ಸೇತುವೆ ಬಂತು, ಹೇಳಿದ. "ಇನ್ನು ನೀನು ಎತ್ಲಾಗಿ ನಡೆದರೂ ಹೊಳೆಯೇ ಸಿಗೋದು" ಅಂದೆ. ಕಾವೇರಿ ಇಲ್ಲಿ ಎರಡಾಗಿ ಸೀಳಿ, ಊರನ್ನು ನಡುವೆ ಇಟ್ಟುಕೊಂಡು, ಕೆಳಗೆ ಸಂಗಮದಲ್ಲಿ ಮತ್ತೆ ಒಂದಾಗುತ್ತಾಳೆ. ಬೆಂಗಳೂರು ಮೈಸೂರು ನಡುವೆ ರೈಲಿನಲ್ಲಿ ಓಡಾಡುವ ಎಷ್ಟೋ ಜನ ಒಂದು ಹೊಳೆಯನ್ನು ಎರಡು ಸಲ ದಾಟಿದ್ದನ್ನು ಗಮನಿಸುವುದೇ ಇಲ್ಲ. ಹಿರಿಯರಿಗೆ ಇದು ಗೊತ್ತು. ಇಲ್ಲಿರುವವನು ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಮೂರೂ ಕಾವೇರಿಯ ದ್ವೀಪಗಳೇ. ರಂಗನಾಥನಿಗೆ ಮಲಗಲು ಸುತ್ತ ನೀರು ಬೇಕು.

ದೇವಸ್ಥಾನ ಮುಗಿಸಿ ಕೋಟೆಯ ಪಶ್ಚಿಮದ ಅಂಚಿಗೆ ಬಂದೆವು. ಮೇ ತಿಂಗಳು. ಹೊಳೆಯಲ್ಲಿ ಬಂಡೆಗಳೇ ಜಾಸ್ತಿ, ನಡುನಡುವೆ ನೀರು. ಹುಡುಗನಿಗೆ ನಿರಾಸೆ.

"ಇದೆಂಥ ದ್ವೀಪ ಅಜ್ಜಿ? ನಡ್ಕೊಂಡೇ ದಾಟಬಹುದು."

"ಹಂಗೇ ದಾಟಿದ್ರು ಕಣೋ."

1799ರಲ್ಲಿ ಬ್ರಿಟಿಷರು ನಿಜಾಮನ ಸೈನ್ಯವನ್ನೂ ಕೂಡಿಸಿಕೊಂಡು ಬಂದು ಈ ಕೋಟೆಗೆ ಮುತ್ತಿಗೆ ಹಾಕಿದಾಗ ಅವರಿಗಿದ್ದ ದೊಡ್ಡ ಭಯ ಮಳೆಗಾಲದ್ದು. ಮಳೆ ಹಿಡಿದು ಹೊಳೆ ತುಂಬಿದರೆ ದಾಟುವ ಹಾಗಿಲ್ಲ, ಮುತ್ತಿಗೆ ಎತ್ತಬೇಕು. ಆಗ ಕನ್ನಂಬಾಡಿ ಕಟ್ಟೆ ಇರಲಿಲ್ಲ. ಮಳೆ ಬಂದರೆ ಹೊಳೆ ಬಂತು, ಅಷ್ಟೇ. ಫಿರಂಗಿ ಹೊಡೆದು ಗೋಡೆ ಒಡೆದು, ಮೇ 4ರ ಮಧ್ಯಾಹ್ನ, ಹೊಳೆ ಬತ್ತಿದ್ದಾಗಲೇ ಸೈನಿಕರು ಬಂಡೆಗಳ ಮೇಲೆ ನೀರು ತುಳಿದುಕೊಂಡು ನುಗ್ಗಿದರು. ಟಿಪ್ಪು ಅವತ್ತೇ ಕೋಟೆಯೊಳಗೆ ಹೋರಾಡುತ್ತಾ ಸತ್ತ. ಒಂದು ತಿಂಗಳು ಮೊದಲೇ ಮಳೆ ಬಂದಿದ್ದರೆ ಏನಾಗುತ್ತಿತ್ತು ಅಂತ ಹುಡುಗ ಕೇಳಿದ. ನಮ್ಮ ಮೇಷ್ಟರನ್ನು ನಾನೂ ಇದನ್ನೇ ಕೇಳಿದ್ದೆ. ಅವರು ಸೀಮೆಸುಣ್ಣ ಕೆಳಗಿಟ್ಟು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ್ದರು.

ಇನ್ನೊಂದು ಮಾತು ಹೇಳಿದೆ. ಅವನು ಇಳಿದ ಅಗತ್ತಿಯ ಆಚೆ ಅಮಿನಿ, ಕಡಮತ್, ಕಿಲ್ತಾನ್ ಎಂಬ ದ್ವೀಪಗಳಿವೆ. ಟಿಪ್ಪುವಿನ ಕಾಲದಲ್ಲಿ ಅವು ಅವನ ಆಳ್ವಿಕೆಗೆ ಸೇರಿದ್ದವು. ಆಮೇಲೆ ಬ್ರಿಟಿಷರ ಕೈಗೆ ಹೋಗಿ, 1956ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಸಮುದ್ರದ ದ್ವೀಪಗಳನ್ನು ಹೊಳೆಯ ದ್ವೀಪದಲ್ಲಿ ಕೂತು ಆಳಿದ್ದರು ಅಂದಾಗ ಮೊದಲ ಸಲ ಅವನಿಗೆ ಬಂಡೆಗಳ ಮೇಲೆ ಸ್ವಲ್ಪ ಗೌರವ ಬಂತು.

ಗುಂಬಜ್, ಸಂಗಮ ಎಲ್ಲ ಆಟೋದಲ್ಲಿ ನೋಡಿದೆವು. ಬಿಸಿಲು ಹೇಳತೀರದು, ಮಜ್ಜಿಗೆ ಮೂರು ಲೋಟ. ಮಂಗಗಳು ಪುಳಿಯೋಗರೆಯಲ್ಲಿ ತಮ್ಮ ಪಾಲು ತೆಗೆದುಕೊಂಡವು.

ಮಧ್ಯಾಹ್ನ ಪಶ್ಚಿಮವಾಹಿನಿ. ಪೂರ್ವಕ್ಕೆ ಹರಿಯುವ ಕಾವೇರಿ ಇಲ್ಲಿ ಸ್ವಲ್ಪ ದೂರ ಪಶ್ಚಿಮಕ್ಕೆ ತಿರುಗುತ್ತಾಳೆ. ನೀರು ಕಡಿಮೆ ಕಂಡರೂ ಒಳಗೆ ಸುಳಿ, ಗುಂಡಿ ಇರುತ್ತವೆ. ಮಕ್ಕಳು ಮೆಟ್ಟಿಲು ಬಿಟ್ಟು ಇಳಿಯಬಾರದು. ಹುಡುಗ ಮೆಟ್ಟಿಲ ಮೇಲೆ ನಿಂತು ಕಲ್ಲು ಎಸೆಯುತ್ತಾ ಎಷ್ಟು ಸಲ ಕುಪ್ಪಳಿಸುತ್ತದೆ ಅಂತ ಎಣಿಸುತ್ತಿದ್ದ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಇಲ್ಲಿ ಬಿಟ್ಟರು ಅಂದೆ. "ಓಹೋ" ಅಂದು ಇನ್ನೊಂದು ಕಲ್ಲು ಎತ್ತಿಕೊಂಡ. "ನಿಮ್ಮ ತಾತನ್ನೂ ಇಲ್ಲೇ ಬಿಟ್ಟಿದ್ದು" ಅಂದೆ. ಆಗ ಅವನಿಗೆ ಎರಡು ವರ್ಷ, ನೆನಪಿಲ್ಲ. ಕೈಯಲ್ಲಿದ್ದ ಕಲ್ಲನ್ನು ಮೆಟ್ಟಿಲ ಮೇಲೆ ಮೆಲ್ಲಗೆ ಇಟ್ಟ. ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಆಡಿಸಲಿಲ್ಲ.

ಬಿಸಿಲು ಇಳಿಯುವಾಗ ರಂಗನತಿಟ್ಟು. ಶ್ರೀರಂಗಪಟ್ಟಣವನ್ನು ಹೊಳೆಯೇ ದ್ವೀಪ ಮಾಡಿತು. ಇಲ್ಲಿನ ಪುಟ್ಟ ನಡುಗಡ್ಡೆಗಳಿಗೆ ಮನುಷ್ಯರ ಕೈಯೂ ಕಾರಣ. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು, ನೀರು ನಿಂತು ಈ ತಿಟ್ಟುಗಳಾದವು. ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು, ನಮ್ಮ ರಾಜ್ಯದಲ್ಲಿ ಅದೇ ಮೊದಲನೆಯದು.

ದೋಣಿಯಲ್ಲಿ ಕೂತೆವು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗಿತ್ತು. ಮರದ ತುಂಬ ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನವು, ಹೆಜ್ಜಾರ್ಲೆ. ಒಂದು ತಾಯಿ ಕೊಕ್ಕರೆ ಗೂಡಿನ ಅಂಚಿನಲ್ಲಿ ರೆಕ್ಕೆ ಬಿಡಿಸಿ ಕೊಡೆಯ ಹಾಗೆ ನಿಂತಿತ್ತು. ನೆರಳಿನಲ್ಲಿ ಎರಡು ಮರಿ. ಸುತ್ತ ನೀರು ಇರುವುದರಿಂದ ಬೆಕ್ಕು, ನಾಯಿ, ನರಿ ಗೂಡಿಗೆ ಬರಲಾರವು, ಅದಕ್ಕೇ ಹಕ್ಕಿಗಳು ಇಲ್ಲಿಗೆ ಬರುತ್ತವೆ ಅಂದರು ದೋಣಿಯವರು.

"ನೀರು ಜಾಸ್ತಿ ಬಂದ್ರೆ?" ಅಂತ ಇವನು.

ಕನ್ನಂಬಾಡಿ ತುಂಬಿ ಬಾಗಿಲು ತೆಗೆದರೆ ತಿಟ್ಟುಗಳೇ ಮುಳುಗುತ್ತವೆ, ತಗ್ಗಿನ ಗೂಡುಗಳು ಹೋಗುತ್ತವೆ, ದೋಣಿಯೂ ನಿಲ್ಲುತ್ತದೆ ಅಂದರು. 2018, 2019ರಲ್ಲಿ ಹಾಗೇ ಆಗಿತ್ತು. ಅಷ್ಟರೊಳಗೆ ರೆಕ್ಕೆ ಬಲಿತ ಮರಿಗಳು ಹಾರಿಹೋಗಿರುತ್ತವೆ. ತಡವಾಗಿ ಹುಟ್ಟಿದವುಗಳದ್ದೇ ಕಷ್ಟ.

ಈಗ ಅವನು ಬೆಂಗಳೂರಿನಲ್ಲಿದ್ದಾನೆ, ಶಾಲೆ ಶುರುವಾಗಿದೆ. ದಿನಾ ಸಂಜೆ ಫೋನು ಬರುತ್ತದೆ. ಊಟ ಆಯ್ತಾ ಅಜ್ಜಿ ಅಂತ ಕೇಳುವುದಿಲ್ಲ. "ಕಟ್ಟೆಗೆ ಎಷ್ಟಡಿ ಬಂತು?" ಅಂತ ಕೇಳುತ್ತಾನೆ. ನಾನು ಕನ್ನಡಕ ಹಾಕಿಕೊಂಡು ಪೇಪರು ನೋಡಿ ಹೇಳುತ್ತೇನೆ. ತುಂಬಿದರೆ 124.80 ಅಡಿ. ನಮ್ಮ ಕಡೆ ನಾಲೆ ನೀರಿಗೆ ಕಾದು ಕೂತವರು ಪೇಪರು ಬಿಚ್ಚಿದ ತಕ್ಷಣ ನೋಡುವುದೂ ಅದೇ ಅಂಕಿಯನ್ನು. ಭತ್ತದ ಒಟ್ಟಲು ಬಿಡಬೇಕು, ಕಬ್ಬು ಒಣಗುತ್ತಿದೆ.

"ಬೇಗ ತುಂಬಲಿ ಕಣಪ್ಪ" ಅನ್ನುತ್ತೇನೆ ನಾನು.

"ತುಂಬಲಿ ಅಜ್ಜಿ. ಒಂದು ಹದಿನೈದು ದಿನ ಬಿಟ್ಟು ತುಂಬಲಿ" ಅನ್ನುತ್ತಾನೆ ಅವನು.