ಖಡಕ್‌ವಾಸ್ಲಾದ ಗಾಳಿ ಯಾರದ್ದು?

"ಹಾಯಿದೋಣಿ ರೇಸಾ? ಅದೆಲ್ಲಾ ದುಡ್ಡಿದ್ದೋರ ಆಟ ಬಿಡಿ ಸ್ವಾಮಿ. ನಮ್ಮ ಮಕ್ಕಳ ಕ್ರಿಕೆಟ್ ಕೋಚಿಂಗ್ ಫೀಸು ಕಟ್ಟೋದ್ರಲ್ಲೇ ಸಾಕಾಗಿದೆ."

ಪುಣೆಗೆ ಬಂದು ಎರಡು ದಶಕ ದಾಟಿತು, ಈ ಮಾತನ್ನ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ನಮ್ಮಂಥವರಿಗೆ ಖಡಕ್‌ವಾಸ್ಲಾ ಅಂದ್ರೆ ಭಾನುವಾರದ ಸಂಜೆ, ಕಾಂದಾ ಭಜಿ, ಸುಟ್ಟ ಜೋಳ, ವಾಪಸ್ ಬರುವಾಗ ಸಿಂಹಗಡ ರಸ್ತೆಯ ಟ್ರಾಫಿಕ್. ಅಷ್ಟೇ. ಅದೇ ನೀರಿನ ಇನ್ನೊಂದು ದಡದಲ್ಲಿ, ಎನ್‌ಡಿಎಯ ಪೀಕಾಕ್ ಬೇನಲ್ಲಿ, ಕೆಡೆಟ್ ಹುಡುಗರು ಹಾಯಿದೋಣಿ ನಡೆಸೋದನ್ನ ಕಲೀತಾರೆ. ನಾವು ಈ ಕಡೆ ನಿಂತು ಜೋಳ ತಿಂತೀವಿ...

'ದುಡ್ಡಿನ ಆಟ' ಅನ್ನೋದು ದೊಡ್ಡ ಯಾಟ್‌ಗಳ ವಿಷಯದಲ್ಲಿ ನಿಜವೇ. ಆದರೆ ಪುಟ್ಟ ದೋಣಿಗಳ ಕಥೆ ಬೇರೆ. ಲೇಸರ್ ಅನ್ನೋ ದೋಣಿಯನ್ನೇ ನೋಡಿ. 2019ರಿಂದ ಇದರ ಹೆಸರು ಐಎಲ್‌ಸಿಎ. ಉದ್ದ 4.23 ಮೀಟರ್, ತೂಕ ಸುಮಾರು 59 ಕಿಲೋ, ನಡೆಸೋದು ಒಬ್ಬರೇ. ಎಲ್ಲರ ದೋಣಿಯೂ ಒಂದೇ ಅಚ್ಚಿನದು, ಎಲ್ಲರ ಹಾಯಿಯೂ ಒಂದೇ ಅಳತೆಯದು. ದುಡ್ಡು ಸುರಿದು ವೇಗದ ದೋಣಿ ಮಾಡಿಸ್ಕೋತೀನಿ ಅಂದ್ರೆ ನಿಯಮ ಬಿಡೋದಿಲ್ಲ. ಸಣ್ಣ ಮೈಕಟ್ಟಿನವರಿಗೆ ಅದೇ ದೋಣಿಗೆ ಚಿಕ್ಕ ಹಾಯಿ: 7.06 ಚದರ ಮೀಟರ್ ಬದಲು 5.76, ಅಥವಾ 4.7.

ಹಾಗಾದ್ರೆ ಗೆಲ್ಲೋದು ಹೇಗೆ? ನಾಲ್ಕೈದು ಹಗ್ಗದಲ್ಲಿ! ಹಾಯಿಯ ಮುಂಭಾಗವನ್ನ ಕೆಳಗೆಳೆಯೋಕೆ ಒಂದು, ಬುಡವನ್ನ ಹಿಂದಕ್ಕೆಳೆಯೋಕೆ ಒಂದು, ಅಡ್ಡಕೋಲು ಮೇಲೇಳದಂತೆ ಹಿಡಿಯೋಕೆ ಒಂದು, ಮತ್ತೆ ಕೈಯಲ್ಲಿ ಸದಾ ಇರೋ ಮುಖ್ಯ ಹಗ್ಗ. ಗಾಳಿ ಜೋರಾದ್ರೆ ಬಿಗಿ ಮಾಡಿ ಹಾಯಿಯನ್ನ ಚಪ್ಪಟೆ ಮಾಡಬೇಕು, ಇಲ್ಲಾಂದ್ರೆ ದೋಣಿ ವಾಲಿ ವೇಗ ಸಾಯುತ್ತೆ. ಗಾಳಿ ಇಳಿದ್ರೆ ಸಡಿಲಿಸಿ ಹಾಯಿಗೆ ಹೊಟ್ಟೆ ಕೊಡಬೇಕು. ಗಾಳಿ ಹಾಯಿಯ ಮೇಲೆ ಸರಿಯಾಗಿ ಹರೀತಿದೆಯೋ ಇಲ್ವೋ ಅನ್ನೋದನ್ನ ಹಾಯಿಗೆ ಅಂಟಿಸಿದ ಎರಡು ಉಣ್ಣೆ ಎಳೆಗಳು ಹೇಳುತ್ತವೆ. ತಂಬೂರಿಯ ಶ್ರುತಿ ಮಾಡಿದ ಹಾಗೇ ಅಂದ್ಕೊಳ್ಳಿ. ಆದ್ರೆ ಇಲ್ಲಿ ಪ್ರತಿ ನಿಮಿಷವೂ ಶ್ರುತಿ ಬದಲಾಗುತ್ತೆ. ಸುತ್ತ ಗುಡ್ಡಗಳಿರೋ ಕೆರೆಯಲ್ಲಂತೂ ಗಾಳಿ ದಿಕ್ಕು ತಪ್ಪಿಸ್ತಾನೇ ಇರುತ್ತೆ. ಗಾಳಿ ಮೂತಿಯ ಕಡೆ ತಿರುಗಿತೋ, ತಕ್ಷಣ ಇನ್ನೊಂದು ಮಗ್ಗುಲಿಗೆ ಹೊರಳಬೇಕು. ಇದನ್ನ ಪುಸ್ತಕ ಕಲಿಸೋದಿಲ್ಲ, ದುಡ್ಡೂ ಕಲಿಸೋದಿಲ್ಲ. ನೀರಿನ ಮೇಲೆ ಕಳೆದ ಗಂಟೆಗಳು ಕಲಿಸ್ತವೆ.

ನಂಬಿಕೆ ಬರದಿದ್ರೆ ನೇಹಾ ಠಾಕೂರ್ ಕಥೆ ಕೇಳಿ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತನ ಮಗಳು, ಕಲಿತದ್ದು ಭೋಪಾಲದ ಕೆರೆಯಲ್ಲಿ. 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಐಎಲ್‌ಸಿಎ-4ರ ಬೆಳ್ಳಿ ಗೆದ್ದಾಗ ಅವಳಿಗೆ 17 ವರ್ಷ. ಈ ಆಟದಲ್ಲಿ ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2, ಕೊನೆಗೆ ಕಡಿಮೆ ಅಂಕದವರು ಗೆದ್ದ ಹಾಗೆ. ತೀರಾ ಕೆಟ್ಟ ಒಂದು ರೇಸನ್ನ ಲೆಕ್ಕದಿಂದ ಬಿಟ್ಟುಬಿಡ್ತಾರೆ. 11 ರೇಸುಗಳಲ್ಲಿ ನೇಹಾ ಗಳಿಸಿದ್ದು 32, ಬಿಟ್ಟದ್ದು 5, ಉಳಿದದ್ದು 27. ಅಂದ್ರೆ ಅವಳ ಅತೀ ಕೆಟ್ಟ ರೇಸಿನಲ್ಲೂ ಐದನೇ ಸ್ಥಾನ!

ಭೋಪಾಲಕ್ಕೆ ಸಮುದ್ರ ಇಲ್ಲ. ಹೈದರಾಬಾದಿಗೂ ಇಲ್ಲ, ಆದ್ರೆ ಅಲ್ಲಿನ ಯಾಟ್ ಕ್ಲಬ್ ಬಡವರ ಮನೆಯ ಮಕ್ಕಳನ್ನ ಹುಸೇನ್ ಸಾಗರದಲ್ಲಿ ತಯಾರು ಮಾಡ್ತಿದೆ. ಈ ಮಕ್ಕಳಿಗೆ ಸಿಕ್ಕಿದ್ದು ಶ್ರೀಮಂತಿಕೆ ಅಲ್ಲ, ನೀರಿಗಿಳಿಯೋಕೆ ಒಂದು ಮೆಟ್ಟಿಲು. ನಮ್ಮ ಮಕ್ಕಳಿಗೆ ಇಲ್ಲದಿರೋದು ಅದೇ.

"ಖಡಕ್‌ವಾಸ್ಲಾ ಕುಡಿಯೋ ನೀರು" ಅಂತೀರಾ? ಭೋಪಾಲದ ಬಡಾ ತಾಲಾಬ್ ಕೂಡ ಕುಡಿಯೋ ನೀರೇ. ಹಾಯಿದೋಣಿಗೆ ಇಂಜಿನ್ ಇಲ್ಲ, ಡೀಸೆಲ್ ಇಲ್ಲ. "ಹುಡುಗರು ಮುಳುಗಿ ಸಾಯ್ತಾರೆ" ಅನ್ನೋ ಭಯ ಮಾತ್ರ ನ್ಯಾಯವಾದದ್ದು, ಪೇಪರಿನಲ್ಲಿ ಓದ್ತಾನೇ ಇರ್ತೀವಿ. ಆದ್ರೆ ಈಜು ಬಾರದೆ, ಲೈಫ್ ಜಾಕೆಟ್ ಇಲ್ಲದೆ, ಹೇಳೋರು ಕೇಳೋರು ಇಲ್ಲದೆ ನೀರಿಗೆ ಇಳಿಯೋದಕ್ಕೂ, ಜಾಕೆಟ್ ತೊಡಿಸಿ, ರಕ್ಷಣಾ ದೋಣಿ ಪಕ್ಕದಲ್ಲಿಟ್ಟು ಕಲಿಸೋದಕ್ಕೂ ಅಜಗಜಾಂತರ. ನೀರನ್ನ ಬಚ್ಚಿಟ್ಟರೆ ಭಯ ಹೋಗಲ್ಲ, ಅಜ್ಞಾನ ಉಳಿಯುತ್ತೆ. ಸೇನೆಯ ಜಾಗ ಸೇನೆಗೇ ಇರಲಿ; ನಾನು ಕೇಳ್ತಿರೋದು ಆ ಕಡೆಯ ಗೇಟು ತೆಗೀರಿ ಅಂತಲ್ಲ, ಈ ಕಡೆಯ ದಡದಲ್ಲೋ, ಪಾನ್‌ಶೇತ್ ಕಡೆಯಲ್ಲೋ ಒಂದು ಮೂಲೆ.

ಕನ್ನಡಿಗರಾದ ನಮಗೆ ಈ ಕೆರೆ ಪರಕೀಯವೂ ಅಲ್ಲ. ಪುಣೆಯ ಸೈನ್ಸ್ ಕಾಲೇಜಿನಲ್ಲಿ, ಅಂದ್ರೆ ಇಂದಿನ ಸಿಒಇಪಿಯಲ್ಲಿ, ಓದಿದ ನಮ್ಮ ವಿಶ್ವೇಶ್ವರಯ್ಯನವರು ತಮ್ಮ ಸ್ವಯಂಚಾಲಿತ ಗೇಟುಗಳನ್ನ ಮೊದಲು ಕೂರಿಸಿದ್ದು ಇಲ್ಲೇ, 1903ರಲ್ಲಿ. ಕಟ್ಟೆ ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸೋ ಉಪಾಯ ಅದು. ಆಮೇಲೆ ಅದೇ ತಂತ್ರ ಕೆಆರ್‌ಎಸ್‌ಗೂ ಬಂತು. ಅವರ ಕಾಲೇಜಿನ ಹುಡುಗರು ಇಂದಿಗೂ ನದಿಯಲ್ಲಿ ರೆಗಾಟಾ ನಡೆಸ್ತಾರೆ, ಆದ್ರೆ ಅದು ಹುಟ್ಟು ಹಾಕೋ ದೋಣಿಗಳದ್ದು.

ಇರೋದನ್ನೇ ಸರಿಯಾಗಿ ಹೊಂದಿಸ್ಕೊಂಡು ಹೆಚ್ಚು ಪಡೆಯೋದು, ಆ ಗೇಟಿನ ಪಾಠವೂ ಅದೇ, ಹಾಯಿಯ ಪಾಠವೂ ಅದೇ. ನೀರಿದೆ, ಗಾಳಿಯಿದೆ, ಕಲಿಯೋ ವಯಸ್ಸಿನ ಮಕ್ಕಳಿದ್ದಾರೆ. ಗಣೇಶೋತ್ಸವಕ್ಕೆ, ರಾಜ್ಯೋತ್ಸವಕ್ಕೆ ಚಂದಾ ಎತ್ತೋ ನಮ್ಮ ಸೊಸೈಟಿಗಳು, ಸಂಘಗಳು ನಾಲ್ಕು ಪುಟ್ಟ ದೋಣಿಗೆ ಚಂದಾ ಎತ್ತಿ, ಪಾಲಿಕೆಯ ಮುಂದೆ ಒಂದು ಅರ್ಜಿ ಇಟ್ಟರೆ ಆಗದಾ? ನೀವೇನಂತೀರಿ?