‘ಆಲ್ ಸೀಸನ್’ ಟೈರ್ ನಿಜಕ್ಕೂ ಎಲ್ಲ ಕಾಲಕ್ಕೂ ಆಗುತ್ತಾ?

ಹೋದ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಲ್ಲಿರುವ ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಆಗಷ್ಟೇ ಕೊಂಡಿದ್ದ ಸೆಕೆಂಡ್ ಹ್ಯಾಂಡ್ ಕಾರಿನ ಟೈರ್ ಅದು. ‘ಮಾವಾ, ಮಾರಿದವನು ಇದು ಆಲ್ ಸೀಸನ್ ಅಂದ. ಪಕ್ಕದಲ್ಲಿ ಎಂ ಪ್ಲಸ್ ಎಸ್ ಅಂತಾನೂ ಇದೆ. ಆದರೂ ಆಫೀಸಿನವರು ಚಳಿಗಾಲಕ್ಕೆ ಬೇರೆ ಟೈರ್ ಹಾಕಿಸು ಅಂತಿದ್ದಾರೆ. ಇದು ಟೈರ್ ಮಾರೋರ ವ್ಯಾಪಾರ ತಂತ್ರ ತಾನೆ?’

ಅವನ ಅನುಮಾನ ತಪ್ಪಲ್ಲ. ವ್ಯಾಪಾರ ತಂತ್ರ ಇರುವುದು ನಿಜ, ಆದರೆ ಅದು ಅವನು ಅಂದುಕೊಂಡ ಕಡೆ ಇರಲಿಲ್ಲ. ‘ಆಲ್ ಸೀಸನ್’ ಎಂಬ ಹೆಸರೇ ಮೊದಲು ಮಾರಾಟದ ಮಾತು. ಗುಡ್‌ಇಯರ್ ಕಂಪನಿ 1977ರಲ್ಲಿ ಅಮೆರಿಕದಲ್ಲಿ ‘ಟಿಯೆಂಪೋ’ ಎಂಬ ಟೈರನ್ನು ಹೊರತಂದಾಗ ಈ ಕಲ್ಪನೆ ಜನಪ್ರಿಯವಾಯಿತು. (ಸ್ಪ್ಯಾನಿಷ್‌ನಲ್ಲಿ ಟಿಯೆಂಪೋ ಅಂದರೆ ಕಾಲವೂ ಹೌದು, ಹವಾಮಾನವೂ ಹೌದು. ಹೆಸರಿಟ್ಟವರು ಜಾಣರು.) ವರ್ಷಕ್ಕೆ ಎರಡು ಸಲ ಟೈರ್ ಬದಲಿಸುವ ತಾಪತ್ರಯ ಬೇಡ ಎನ್ನುವುದು ಯಾರಿಗೆ ಇಷ್ಟವಾಗುವುದಿಲ್ಲ?

ಇನ್ನು ಎಂ ಪ್ಲಸ್ ಎಸ್. ಇದು ಮಡ್ ಮತ್ತು ಸ್ನೋ, ಅಂದರೆ ಕೆಸರು ಮತ್ತು ಹಿಮ ಎಂಬುದರ ಚುಟುಕು ರೂಪ. ಟೈರ್ ಮೇಲಿನ ಗೀರುಗಳು ಸಾಕಷ್ಟು ಅಗಲವಾಗಿ, ಬಿಡಿಬಿಡಿಯಾಗಿ ಇದ್ದರೆ ತಯಾರಕರು ತಾವೇ ಈ ಅಕ್ಷರ ಅಚ್ಚು ಹಾಕಿಕೊಳ್ಳಬಹುದು. ಅದಕ್ಕಾಗಿ ಹಿಮದ ಮೇಲೆ ಓಡಿಸಿ ತೋರಿಸಬೇಕಿಲ್ಲ. ನಿಜವಾದ ಪರೀಕ್ಷೆ ಪಾಸಾದ ಟೈರಿನ ಗುರುತು ಬೇರೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. 1999ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ಈ ಚಿಹ್ನೆ ಬಂತು. ನನ್ನ ಅಳಿಯ ಕಳಿಸಿದ ಫೋಟೋದಲ್ಲಿ ಈ ಬೆಟ್ಟ ಇರಲಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರ್ 1ರಿಂದ ಹಿಮ ಬಿದ್ದ ರಸ್ತೆಗೆ ಬರೀ ಎಂ ಪ್ಲಸ್ ಎಸ್ ಲೆಕ್ಕಕ್ಕೆ ಬರುವುದಿಲ್ಲ, ಬೆಟ್ಟದ ಚಿಹ್ನೆಯೇ ಬೇಕು. ತಪ್ಪಿದರೆ 60 ಯೂರೋ ದಂಡ, ಜೊತೆಗೆ ಲೈಸೆನ್ಸ್ ಮೇಲೆ ಒಂದು ಪಾಯಿಂಟ್.

ದಂಡದ ಮಾತು ಬಿಡಿ. ಬೆಟ್ಟ ಇದ್ದರೆ ಏನು ವ್ಯತ್ಯಾಸ ಎನ್ನುವುದು ಮುಖ್ಯ. ಅದಕ್ಕೆ ರಬ್ಬರಿನ ಸ್ವಭಾವ ಸ್ವಲ್ಪ ತಿಳಿಯಬೇಕು.

ಒಂದೂವರೆ ಟನ್ ತೂಗುವ ಕಾರು ರಸ್ತೆಯನ್ನು ಮುಟ್ಟುವುದು ನಾಲ್ಕು ಕಡೆ ಮಾತ್ರ, ಒಂದೊಂದು ಕಡೆಯೂ ಹೆಚ್ಚೂ ಕಡಿಮೆ ನಮ್ಮ ಅಂಗೈ ಅಗಲ. ಅಷ್ಟು ಜಾಗದಲ್ಲಿ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಇಳಿದು, ಹೊರಬಂದು, ಮತ್ತೆ ಇಳಿಯುತ್ತಿರಬೇಕು. ಹಿಡಿತ ಬಹುಪಾಲು ಹುಟ್ಟುವುದು ಹೀಗೆ. ಚಳಿ ಹೆಚ್ಚಿದಂತೆ ರಬ್ಬರಿನ ಉದ್ದುದ್ದ ಅಣುಸರಪಳಿಗಳು ಸೆಟೆದುಕೊಳ್ಳುತ್ತವೆ, ಕೊನೆಗೆ ಗಾಜಿನಂತೆ ಬಿರುಸಾಗುತ್ತವೆ. ಬೇಸಿಗೆ ಟೈರಿನ ರಬ್ಬರ್ ಬೇಗ ಸೆಟೆದುಕೊಳ್ಳುವ ಜಾತಿ. ಚಳಿಗಾಲದ ಟೈರಿಗೆ ಇನ್ನೂ ಕೆಳಗಿನ ತಾಪಮಾನದಲ್ಲೂ ಮೆತ್ತಗಿರುವ ಮಿಶ್ರಣ ಹಾಕುತ್ತಾರೆ. ಆಲ್ ಸೀಸನ್ ಇವೆರಡರ ನಡುವಿನ ರಾಜಿ.

‘7 ಡಿಗ್ರಿಗಿಂತ ಕೆಳಗೆ ಹೋದರೆ ಚಳಿಗಾಲದ ಟೈರ್’ ಎಂಬ ಮಾತು ಯುರೋಪಿನಲ್ಲಿ ಎಲ್ಲೆಡೆ ಕೇಳುತ್ತದೆ. ಅದು ನೆನಪಿಡಲು ಅನುಕೂಲವಾದ ಅಂದಾಜು, ಅಷ್ಟೆ. ಚಳಿಗೆ ಕೊಬ್ಬರಿ ಎಣ್ಣೆ ಒಂದು ರಾತ್ರಿಯಲ್ಲಿ ಹೆಪ್ಪುಗಟ್ಟುವ ಹಾಗೆ ಟೈರ್ 7ನೇ ಡಿಗ್ರಿಯಲ್ಲಿ ದಿಢೀರನೆ ಬದಲಾಗುವುದಿಲ್ಲ, ಹಿಡಿತ ನಿಧಾನವಾಗಿ ಇಳಿಯುತ್ತಾ ಹೋಗುತ್ತದೆ. ಇನ್ನು ಕೆಲವರು ಉಗುರಿನಿಂದ ಒತ್ತಿ ನೋಡಿ ‘ಮೆತ್ತಗಿದೆ, ಪರವಾಗಿಲ್ಲ’ ಅನ್ನುತ್ತಾರೆ. ಇದೂ ಕೆಲಸಕ್ಕೆ ಬಾರದ ಪರೀಕ್ಷೆ. ಉಗುರು ಒತ್ತುವುದು ನಿಧಾನಕ್ಕೆ. ಬ್ರೇಕ್ ಹಾಕಿದಾಗ ರಸ್ತೆಯ ಉಬ್ಬುಗಳು ರಬ್ಬರನ್ನು ಸೆಕೆಂಡಿಗೆ ಸಾವಿರಾರು ಸಲ ಒತ್ತುತ್ತವೆ, ಅಷ್ಟು ವೇಗದ ಒತ್ತಡಕ್ಕೆ ಅದೇ ರಬ್ಬರ್ ಹೆಚ್ಚು ಗಟ್ಟಿಯಾಗಿ ವರ್ತಿಸುತ್ತದೆ.

ಹಿಡಿತ ಸ್ವಲ್ಪ ಕಡಿಮೆಯಾದರೆ ಏನು ಮಹಾ ಎನ್ನುವವರಿಗೆ ಹೈಸ್ಕೂಲಿನ ಭೌತಶಾಸ್ತ್ರದ ಒಂದು ಲೆಕ್ಕ. ಎರಡು ಕಾರು, ಎರಡೂ ಗಂಟೆಗೆ 50 ಕಿ.ಮೀ. ವೇಗದಲ್ಲಿವೆ, ಕೆಳಗೆ ಗಟ್ಟಿಯಾದ ಹಿಮ. ಮೊದಲನೆಯದಕ್ಕೆ ಘರ್ಷಣೆಯ ಗುಣಾಂಕ 0.3, ಎರಡನೆಯದಕ್ಕೆ 0.2 ಸಿಗುತ್ತಿದೆ ಎಂದಿಟ್ಟುಕೊಳ್ಳಿ. ಬ್ರೇಕ್ ಒತ್ತಿದ ಮೇಲೆ ಮೊದಲನೆಯದು ಸುಮಾರು 33 ಮೀಟರಿಗೆ ನಿಲ್ಲುತ್ತದೆ. ಎರಡನೆಯದಕ್ಕೆ 49 ಮೀಟರ್ ಬೇಕು. ಮೊದಲ ಕಾರು ಪೂರ್ತಿ ನಿಂತ ಜಾಗವನ್ನು ಎರಡನೆಯದು ದಾಟುವಾಗ ಅದರ ವೇಗ ಇನ್ನೂ 29 ಕಿ.ಮೀ. ಇರುತ್ತದೆ. ಅಲ್ಲಿ ಝೀಬ್ರಾ ಕ್ರಾಸಿಂಗ್ ಇದ್ದರೆ ಏನಾಗಬಹುದು, ನೀವೇ ಊಹಿಸಿ. ನುಣುಪಾದ ಮಂಜುಗಡ್ಡೆಯ ಮೇಲೆ ಈ ಗುಣಾಂಕ 0.1ಕ್ಕೆ ಇಳಿದರೆ ನಿಲ್ಲಲು 100 ಮೀಟರಿನ ಹತ್ತಿರ ಬೇಕು.

ಇಲ್ಲಿ ಇನ್ನೊಂದು ಹಳೆಯ ನಂಬಿಕೆಯನ್ನೂ ನೋಡಿಬಿಡೋಣ. ‘ನನ್ನದು ಫೋರ್ ವೀಲ್ ಡ್ರೈವ್, ನನಗೆ ಟೈರ್ ಚಿಂತೆ ಇಲ್ಲ’ ಎನ್ನುವವರು ಬಹಳ ಜನ. ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋದರೆ ಕಾರು ಹೊರಡುವುದು ಸುಲಭ. ಬ್ರೇಕ್ ಮಾತ್ರ ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ, ಆದ್ದರಿಂದ ನಿಲ್ಲಿಸುವ ವಿಷಯದಲ್ಲಿ ಲಾಭವಿಲ್ಲ. ಸಲೀಸಾಗಿ ವೇಗ ಹಿಡಿಯುವ, ಆದರೆ ನಿಲ್ಲದ ಕಾರು ನನ್ನ ಪ್ರಕಾರ ಹೊರಡಲೇ ಒಲ್ಲದ ಕಾರಿಗಿಂತ ಅಪಾಯಕಾರಿ.

ಹಾಗಂತ ಬೆಟ್ಟದ ಚಿಹ್ನೆಯೂ ಸರ್ವರೋಗ ನಿವಾರಕವಲ್ಲ. ಅದಕ್ಕಾಗಿ ನಡೆಸುವ ಪರೀಕ್ಷೆ ಅದುಮಿದ ಹಿಮದ ಮೇಲಿನ ಹಿಡಿತದ್ದು. ಒಂದು ಸಾಮಾನ್ಯ ಮಾದರಿ ಟೈರಿಗಿಂತ ಇಂತಿಷ್ಟು ಮೇಲಿದ್ದರೆ ಪಾಸು. ಮಂಜುಗಡ್ಡೆಯ ಮೇಲೆ ಹೇಗೆ ಎಂಬುದು ಅದರಲ್ಲಿಲ್ಲ. 35 ಅಂಕ ತೆಗೆದವನೂ 95 ತೆಗೆದವನೂ ಪಾಸಾದ ಹಾಗೆ, ಒಂದೇ ಚಿಹ್ನೆಯ ಟೈರ್‌ಗಳ ನಡುವೆ ದೊಡ್ಡ ಅಂತರ ಇರಬಹುದು. ಯುರೋಪಿನಲ್ಲಿ 2021ರ ಮೇ ತಿಂಗಳಿಂದ ಬಂದ ಹೊಸ ಲೇಬಲ್‌ನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ ವರೆಗೆ ದರ್ಜೆ ಇರುತ್ತದೆ, ಹಿಮಕ್ಕೆ ಮತ್ತು ಮಂಜುಗಡ್ಡೆಗೆ ಬೇರೆ ಬೇರೆ ಚಿತ್ರಗಳಿರುತ್ತವೆ. ಅಂಗಡಿಯವನ ಮಾತಿಗಿಂತ ಆ ಲೇಬಲ್ ಓದುವುದು ಲೇಸು.

ಅಳಿಯನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಚಳಿಗಾಲದಲ್ಲಿ ಎಲ್ಲಿಗೆ ಹೋಗ್ತೀಯ? ಊರೊಳಗೇ ಓಡಾಟ, ಹಿಮ ಬಿದ್ದ ದಿನ ಟ್ರೈನ್ ಹಿಡಿಯುತ್ತೇನೆ ಎನ್ನುವವನಾದರೆ ಬೆಟ್ಟದ ಚಿಹ್ನೆಯ ಒಳ್ಳೆಯ ಆಲ್ ಸೀಸನ್ ಸಾಕು. ವಾರಕ್ಕೊಮ್ಮೆ ಆಲ್ಪ್ಸ್ ಕಡೆ ಹೋಗುವವನಾದರೆ ಚಳಿಗಾಲದ್ದೇ ಒಂದು ಸೆಟ್ ಬೇಕು, ಅದೂ ನಾಲ್ಕೂ ಚಕ್ರಕ್ಕೆ. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ಹಣ ಉಳಿಸಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರ್ರನೆ ತಿರುಗಬಹುದು. ಕೆನಡಾದ ಕ್ವಿಬೆಕ್‌ನಲ್ಲಂತೂ ಆಯ್ಕೆಯೇ ಇಲ್ಲ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಬೆಟ್ಟದ ಚಿಹ್ನೆ ಕಡ್ಡಾಯ. ಎರಡು ಸೆಟ್ ಎಂದರೆ ಖರ್ಚು ಎರಡರಷ್ಟು ಅಲ್ಲ ಎಂಬುದನ್ನೂ ಹೇಳಬೇಕು. ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ. ಆದರೆ ಚಳಿಗಾಲದ ಟೈರನ್ನೇ ಬೇಸಿಗೆಯಲ್ಲೂ ಓಡಿಸಿದರೆ ಬಿಸಿ ರಸ್ತೆಗೆ ಬೇಗ ಸವೆಯುತ್ತದೆ, ಬ್ರೇಕ್ ಹಾಕಿದಾಗ ನಿಲ್ಲುವ ದೂರವೂ ಹೆಚ್ಚುತ್ತದೆ.

ಈಗ ನಮ್ಮೂರಿನ ಪ್ರಶ್ನೆ. ಇಲ್ಲೂ ಕೆಲವು ಅಂಗಡಿಗಳಲ್ಲಿ ‘ಸಾರ್, ಆಲ್ ಸೀಸನ್ ಟೈರ್’ ಎಂದು ಒತ್ತಿ ಹೇಳುತ್ತಾರೆ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಆ 7 ಡಿಗ್ರಿಯ ಗೆರೆಯನ್ನು ನಮ್ಮ ರಾಜಧಾನಿ ಇದುವರೆಗೆ ದಾಟಿಲ್ಲ. ಇಲ್ಲಿ ಆ ಹೆಸರಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ನಮಗೆ ಕಾಡುವ ಕಾಲ ಮಳೆಗಾಲ. ರಸ್ತೆಯಲ್ಲಿ ನಿಂತ ನೀರನ್ನು ಟೈರಿನ ಗೀರುಗಳು ಪಕ್ಕಕ್ಕೆ ಹರಿಸದಿದ್ದರೆ ಟೈರ್ ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕಾರು ತಿರುಗುವುದಿಲ್ಲ. ನಾಸಾ ವಿಮಾನದ ಟೈರ್‌ಗಳಿಗಾಗಿ ಕಂಡುಕೊಂಡ ಸೂತ್ರವನ್ನು ಕಾರಿಗೆ ಹಚ್ಚಿದರೆ, 32 ಪಿಎಸ್‌ಐ ಗಾಳಿ ಇರುವ ನೈಸ್ ಆದ ಟೈರ್ ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ಪೂರ್ತಿ ತೇಲಬಹುದು. ಗಾಳಿ ಕಡಿಮೆ ಇದ್ದರೆ ಇನ್ನೂ ಬೇಗ. ಮಳೆಗಾಲಕ್ಕೆ ಗಾಳಿ ಇಳಿಸಿದರೆ ಹಿಡಿತ ಹೆಚ್ಚುತ್ತದೆ ಎಂಬ ಸಲಹೆ ಎಷ್ಟು ತಲೆಕೆಳಗಾದದ್ದು ನೋಡಿ.

ಹೊಸ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಗೀರಿನ ತಳದಲ್ಲಿ ಅಡ್ಡಲಾಗಿ ಪುಟ್ಟ ದಿಣ್ಣೆಗಳಿರುತ್ತವೆ, ಟೈರ್ ಸವೆದು ಅವುಗಳ ಮಟ್ಟಕ್ಕೆ ಬಂದರೆ ಆ ಮಿತಿ ಮುಟ್ಟಿದೆ ಎಂದರ್ಥ. ಆಗುಂಬೆ, ಚಾರ್ಮಾಡಿ ಘಾಟಿಗಳನ್ನು ಜುಲೈನಲ್ಲಿ ಹತ್ತಿಳಿಯುವವರು ಅಲ್ಲಿಯವರೆಗೆ ಕಾಯದಿರುವುದು ಒಳ್ಳೆಯದು. ಬದಲಿಸುವಾಗ ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯನ್ನೂ ಓದಿ: 2324 ಎಂದಿದ್ದರೆ ಅದು 2024ರ 23ನೇ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದೆಂದು ಕೊಟ್ಟರೆ ಬೇರೆ ಕೊಡಿ ಎಂದು ಕೇಳಿ.

ಅಳಿಯ ನವೆಂಬರ್‌ನಲ್ಲಿ ಇನ್ನೊಂದು ಫೋಟೋ ಕಳಿಸಿದ. ಈ ಸಲ ಬೆಟ್ಟ ಇತ್ತು.