ಒಂದು ಸಾಲಿನ ಆಜ್ಞೆ, ಮುನ್ನೂರು ಪುಟದ ಕೆಲಸ
ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಉಳಿಸುವವರಿಗೆ ನಿಜವಾದ ದುಡಿಮೆ ಶುರುವಾಗುವುದು ಸ್ಕ್ಯಾನ್ ಮುಗಿದ ಮೇಲೆ. ಒಂದು ಪುಟ ಎಡಕ್ಕೆ ವಾಲಿರುತ್ತದೆ, ಇನ್ನೊಂದರ ಸುತ್ತ ಕಪ್ಪು ಅಂಚು. ಮುನ್ನೂರು ಪುಟಗಳನ್ನು ಒಂದೊಂದಾಗಿ ತೆರೆದು ಮೌಸ್ ಹಿಡಿದು ತಿದ್ದುತ್ತ ಕೂತರೆ ಉತ್ಸಾಹವೇ ಬತ್ತಿಹೋಗುತ್ತದೆ. ಅಂಥವರು ಇಮೇಜ್‌ಮ್ಯಾಜಿಕ್ ಕಲಿಯಲೇಬೇಕು. ಡುಪಾಂಟ್ ಕಂಪನಿಯಲ್ಲಿದ್ದ ಜಾನ್ ಕ್ರಿಸ್ಟಿ 1987ರಲ್ಲಿ ಬರೆಯತೊಡಗಿದ, 1990ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ತಂತ್ರಾಂಶವಿದು. ಗುಂಡಿ, ಮೆನು ಹುಡುಕುವ ಗೋಜಿಲ್ಲ. ಟರ್ಮಿನಲ್‌ನಲ್ಲಿ ಆಜ್ಞೆ ಟೈಪ್ ಮಾಡಿದರಾಯಿತು. ‘ಡೆಸ್ಕ್ಯೂ’ ಆಯ್ಕೆಗೆ 40% ಎಂದು ಕೊಟ್ಟರೆ ಸಾಲುಗಳ ಓರೆಯನ್ನು ಅದೇ ಅಳೆದು ಪುಟವನ್ನು ನೆಟ್ಟಗೆ ಮಾಡುತ್ತದೆ. ‘ಟ್ರಿಮ್’ ಜೊತೆ ‘ಫಜ್’ ಸೇರಿಸಿದರೆ ಹೆಚ್ಚುಕಡಿಮೆ ಒಂದೇ ಬಣ್ಣದ ಅಂಚು ಕತ್ತರಿಸಿಹೋಗುತ್ತದೆ. ಇವನ್ನೆಲ್ಲ ನಾಲ್ಕು ಸಾಲಿನ ಸ್ಕ್ರಿಪ್ಟ್ ಆಗಿ ಬರೆದಿಟ್ಟರೆ ಮುಂದಿನ ಪುಸ್ತಕಕ್ಕೂ ಅದೇ ಸಾಕು. ಧಾರವಾಡದ ಗೆಳೆಯರಿಗೆ ಕಳಿಸಿದರೆ ಅಲ್ಲಿಯೂ ಕೆಲಸ ಇಲ್ಲಿನಂತೆಯೇ ನಡೆಯುತ್ತದೆ. ಕೈಕೆಲಸದಲ್ಲಿ ಈ ಏಕರೂಪತೆ ಎಂದೂ ಸಿಗದು, ನನಗೆ ವೇಗಕ್ಕಿಂತ ಇದೇ ದೊಡ್ಡದು. ಆದರೆ ‘ಮಾಗ್ರಿಫೈ’ ಎಂಬ ಆಜ್ಞೆಯ ಬಗ್ಗೆ ಎಚ್ಚರ: ಬೇರೆ ಫೋಲ್ಡರ್ ಹೇಳದಿದ್ದರೆ ಅದು ಕೇಳದೆಯೇ ಮೂಲ ಚಿತ್ರದ ಮೇಲೆಯೇ ಬರೆದುಬಿಡುತ್ತದೆ. ಜೆಪೆಗ್ ಚಿತ್ರವಂತೂ ತಿದ್ದಿ ಉಳಿಸಿದಷ್ಟೂ ಸವೆಯುತ್ತದೆ. ಒತ್ತಕ್ಷರದ ಸಣ್ಣ ಗೆರೆಗಳ ಸುತ್ತ ಮಸುಕು ಕೂರುತ್ತದೆ. ಆದ್ದರಿಂದ ಮೂಲವನ್ನು ಟಿಫ್ ರೂಪದಲ್ಲಿ ಬೇರೆಯೇ ಡಿಸ್ಕ್‌ನಲ್ಲಿಡಿ, ಸ್ಕ್ರಿಪ್ಟನ್ನು ಪ್ರತಿಯ ಮೇಲೆ ಮಾತ್ರ ಓಡಿಸಿ, ಅದೂ ಮೊದಲು ಹತ್ತು ಪುಟಗಳಿಗೆ.